ಹಂಬಗ್ ಎಂಬ ಮಾತು, ಅಕ್ಕನ ಬಾವಿ

‘ಹಂಬಗ್’ ಎಂಬ ಇಂಗ್ಲಿಷ್ ಮಾತನ್ನು ಮೊದಲು ಎಲ್ಲಿ ಕೇಳಿದಿರಿ ಎಂದು ಯಾರಾದರೂ ವಿಚಾರಿಸಿದರೆ ನಾನು ಎರಡು ಉತ್ತರ ಕೊಡುತ್ತೇನೆ. ಎರಡನ್ನೂ ನಂಬುವುದಿಲ್ಲ. ಬೆಂಗಳೂರಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ಬಿಳಿಯ ಪ್ರೊಫೆಸರರು ನಮ್ಮ ಪ್ರಬಂಧಗಳನ್ನು ಮೇಜಿನ ಮೇಲೆ ಎಸೆಯುತ್ತ ಆ ಮಾತು ಆಡುತ್ತಿದ್ದರು ಎನ್ನುವುದು ಒಂದು. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಕಟ್ಟೆಯ ಕೆಲಸ ನಡೆಯುತ್ತಿದ್ದಾಗ, ಆ ದಾರಿಯಲ್ಲಿ ಕಂಡ ಒಬ್ಬ ಓವರ್‌ಸಿಯರ್ ತನ್ನ ಕುದುರೆಯನ್ನು ಹಾಗೆ ಬೈದ ಎನ್ನುವುದು ಇನ್ನೊಂದು. ಕುದುರೆ ಕಂದು ಬಣ್ಣದ್ದು, ಮುಂಗಾಲಿನಲ್ಲಿ ಬಿಳಿ ಮಚ್ಚೆ ಇತ್ತು. ಆದರೆ ನಾನು ಆ ದಾರಿಯಲ್ಲಿ ಹೋದದ್ದು ಕಾಲೇಜಿಗೆ ಸೇರುವ ಮೊದಲೋ ಆಮೇಲೋ ಎಂಬುದು ತಿಳಿಯದು. ಕುದುರೆಯ ಮಚ್ಚೆ ನೆನಪಿಟ್ಟು ವರ್ಷ ಮರೆತ ಸಾಕ್ಷಿಯನ್ನು ಯಾವ ಕೋರ್ಟೂ ಒಪ್ಪುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತಿಲ್ಲ ಎಂದು ಆಗ ವಾದಿಸುತ್ತಿದ್ದೆ. ಅದು ಸುಳ್ಳು. ಸೋಗು ಇದೆ, ಬೂಟಾಟಿಕೆ ಇದೆ, ಢೋಂಗಿ ಇದೆ, ಬೊಗಳೆ ಇದೆ. ತೊಂದರೆ ಏನೆಂದರೆ, ಇವುಗಳಲ್ಲಿ ಯಾವುದನ್ನು ಆಡಿದರೂ ಎದುರಿನವರು ‘ಅಂಥದ್ದೇನು ಕಂಡೆ, ತೋರಿಸು’ ಎನ್ನುತ್ತಾರೆ. ಹಂಬಗ್‌ಗೆ ಆ ಜವಾಬ್ದಾರಿ ಇಲ್ಲ. ಮನುಷ್ಯನೂ ಹಂಬಗ್, ಅವನು ಹೇಳಿದ್ದೂ ಹಂಬಗ್, ಪಂಚಾಂಗ, ಶಕುನ, ಕನಸು ಎಲ್ಲವೂ ಹಂಬಗ್. ಒಂದೇ ಉಸಿರಿನಲ್ಲಿ ತಳ್ಳಿಹಾಕಬಹುದು, ಕಾರಣ ಕೊಡಬೇಕಾಗಿಲ್ಲ. ಬಿ.ಎ. ಪಾಸಾಗಿ ದುರ್ಗದ ಶಾಲೆಯಲ್ಲಿ ಮೇಷ್ಟರಾಗಿ ಬಂದ ಹೊಸತರಲ್ಲಿ ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಆ ಮಾತು ಬರುತ್ತಿತ್ತು.

ಆ ಮಾತಿನಿಂದ ನನ್ನ ಅಕ್ಕನ ಬಾವಿ ನಿಂತುಹೋಯಿತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕನನ್ನು ಹಿರಿಯೂರು ತಾಲ್ಲೂಕಿನ ಆದಿವಾಲದ ಒಂದು ದೊಡ್ಡ ಕುಟುಂಬಕ್ಕೆ ಕೊಟ್ಟಿತ್ತು. ಭಾವ ಕಿರಿಯವರು. ಎಂಟು ವರ್ಷ ಆ ಮನೆಯಲ್ಲಿ ದೊಡ್ಡ ಓರಗಿತ್ತಿಯ ಕೈಕೆಳಗೆ ಬಾಳಿದ ಮೇಲೆ ಪಾಲಾಗಿ, ಜವನಗೊಂಡನಹಳ್ಳಿಯ ಹತ್ತಿರದ ಹೊಲ ಇವರಿಗೆ ಬಂತು. ಅಲ್ಲೇ ಒಂದು ಸಣ್ಣ ಮನೆ ಕಟ್ಟಿಕೊಂಡು ಬೇರೆ ಒಲೆ ಹೂಡಿದರು. ತೆಂಗಿನ ಸಸಿ ಎರಡು ಸಾಲು ನೆಟ್ಟಿದ್ದರು. ಹೊಲದಲ್ಲಿ ನೀರಿರಲಿಲ್ಲ. ಅಕ್ಕ ಊರ ಬಾವಿಯಿಂದ ಕೊಡ ಹೊತ್ತು ಸಸಿಗೆ ಹಾಕುತ್ತಿದ್ದಳು. ಮುಂಗಾರಿನೊಳಗೆ ಬಾವಿ ಆಗದಿದ್ದರೆ ಅಣ್ಣನ ಮನೆಗೇ ವಾಪಸು ಹೋಗೋಣ ಎಂದು ಭಾವ ಹೇಳಿಬಿಟ್ಟಿದ್ದರು. ಅವರು ಒರಟರಲ್ಲ, ಹೆಂಡತಿ ಕೊಡ ಹೊರುವುದನ್ನು ನೋಡಲಾರದೆ ಹಾಗೆ ಅಂದದ್ದು. ಅಕ್ಕನಿಗೆ ಮಾತ್ರ ಅದು ಬೇಡವಾಗಿತ್ತು. “ಆ ಮನೇಲಿ ಉಪ್ಪಿನ ಗಡಿಗೆ ಮುಟ್ಟಾಕೂ ಕೇಳ್ಬೇಕಿತ್ತು ಕಣೋ. ಇಲ್ಲಿ ಕೊಡ ಹೊತ್ತು ಸೊಂಟ ಬಿದ್ರೂ ಚಿಂತಿಲ್ಲ, ಉಪ್ಪು ನಂದು” ಎಂದಿದ್ದಳು.

ನೀರು ನೋಡಬೇಕಾದವರು ನಮ್ಮ ಸೋದರಮಾವ. ಅವರು ಹೊಳಲ್ಕೆರೆಯವರು. ಹೊಸದುರ್ಗದಲ್ಲಿ ನಮ್ಮ ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರು ಅವರೇ. ನಾಲ್ಕು ತಾಲ್ಲೂಕಿನಲ್ಲಿ ಯಾರು ಬಾವಿ ತೋಡಿಸಬೇಕಾದರೂ ಅವರನ್ನು ಕರೆಯುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿ, ಎದೆಯ ಲಿಂಗವನ್ನು ಮುಟ್ಟಿಕೊಂಡು, ಅಂಗೈ ಮೇಲೆ ಜುಟ್ಟಿರುವ ತೆಂಗಿನಕಾಯಿಯನ್ನು ಅಡ್ಡ ಮಲಗಿಸಿ ಹೊಲದ ಉದ್ದಗಲ ನಡೆಯುವರು. ಕೆಳಗೆ ನೀರಿನ ಸೆಲೆ ಇರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲಬೇಕು. ನಿಂತಲ್ಲಿ ಒಂದು ಕಲ್ಲಿಟ್ಟು ಅರಿಶಿನ ಹಾಕಿದರೆ ಅದೇ ಬಾವಿಯ ಜಾಗ.

ಇದಕ್ಕೊಂದು ಕಟ್ಟಳೆ ಇತ್ತು. ಕಾಯನ್ನು ಮಾವ ತಾವೇ ತೆಗೆದುಕೊಳ್ಳುವಂತಿಲ್ಲ, ಹೊಲದವರ ಕಡೆಯಿಂದ ಒಬ್ಬರು ಕೈಯಾರೆ ಕೊಡಬೇಕು. ಹೊಸದಾಗಿ ಬೇರೆಯಾದ ಸಂಸಾರವಾದರೆ ಆ ಕಾಯಿ ಹೆಣ್ಣಿನ ತವರಿನಿಂದ ಬರಬೇಕು. ಕೊಟ್ಟವರೇ ಅಲ್ಲಿ ಅಪನಂಬಿಕೆ ತೋರಿಸಿದರೆ ಮಾವ ಕಾಯನ್ನು ನೆಲಕ್ಕಿಡುವರು. ಮತ್ತೆ ಎತ್ತಬೇಕಾದರೆ ಅದೇ ಕೈ ಮತ್ತೊಮ್ಮೆ ಕೊಡಬೇಕು. ಅಕ್ಕನಿಗೆ ಅಪ್ಪ ಇಲ್ಲ, ಬೇರೆ ಅಣ್ಣತಮ್ಮಂದಿರಿಲ್ಲ. ತವರಿನ ಕೈ ಎಂದರೆ ನನ್ನದೊಂದೇ.

ಬೇಸಿಗೆ ರಜೆಯ ಒಂದು ಬೆಳಿಗ್ಗೆ ನಾನು ಕಾಯಿ ಕೊಟ್ಟೆ. ಮಾವ ನಡೆದರು. ಹಿಂದೆ ಭಾವ, ಅಕ್ಕ, ನಾನು, ಬಾವಿ ತೋಡುವ ತಂಡದ ಹಿರಿಯ. ತಂಗಡಿ ಗಿಡಗಳ ಸಾಲು ದಾಟಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾಯಿ ಅಲುಗಿತು. ಜುಟ್ಟು ಮೇಲಾಗಿ ಎದ್ದು ನಿಂತಿತು. ನಾನು ಕಾಯಿಯನ್ನು ನೋಡುತ್ತಿರಲಿಲ್ಲ, ಮಾವನ ಹೆಬ್ಬೆರಳ ಬುಡವನ್ನು ನೋಡುತ್ತಿದ್ದೆ. ಅದು ಕೂದಲೆಳೆಯಷ್ಟು ಮಡಚಿದ ಹಾಗೆ ಕಂಡಿತು. ಕಂಡಿತೇ? ಕಂಡಿತೆಂದೇ ಆಗ ನನಗೆ ಖಾತ್ರಿಯಿತ್ತು. ಮುಂದಿನದು ನನಗೆ ನೆನಪಿರುವುದು ಹೀಗೆ.

“ಹಂಬಗ್” ಎಂದೆ.

ಮಾವ ತಿರುಗಿದರು. “ಏನಂದೆ ಅಳಿಯಪ್ಪಾ?”

“ಏನಿಲ್ಲ ಮಾವ. ಇಂಗ್ಲಿಷ್ ಮಾತು.”

“ಅದು ಗೊತ್ತಾತು. ಅರ್ಥ ಏನು ಅಂದೆ.”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದೇ ದೊಡ್ಡಸ್ತಿಕೆ ಎಂದು ತಿಳಿದಿದ್ದೆ. “ಬೂಟಾಟಿಕೆ ಅಂತ” ಎಂದೆ.

ಮಾವ ಕಾಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಹೆಗಲ ವಲ್ಲಿಯಿಂದ ಅಂಗೈ ಒರೆಸಿಕೊಂಡರು. “ಕೊಟ್ಟ ಕೈಗೇ ನಂಬಿಕಿಲ್ಲದ ಮ್ಯಾಲೆ ನಾನೇನ್ ಹಿಡ್ಕಳ್ಳಿ. ಗಾಡಿ ಕಟ್ರಪ್ಪ, ಹೋಗಾಣ.”

ನಾನು ತಂಡದ ಹಿರಿಯನ ಕಡೆ ತಿರುಗಿ, “ಜಾಗ ಗೊತ್ತಾಯ್ತಲ್ಲ, ನೀವು ಶುರು ಮಾಡಿ” ಎಂದೆ.

ಅವನು ಹಾರೆಯನ್ನು ಹೆಗಲಿಗೇರಿಸಿದ. “ಕಾಯಿ ಕೆಳಗಿಟ್ಟ ನೆಲಕ್ಕೆ ನಾವು ಹಾರೆ ಹಾಕಲ್ಲ ಸ್ವಾಮಿ.”

“ಅದು ಎದ್ದು ನಿಂತಿದ್ದನ್ನ ನೀನೇ ನೋಡಿದೆಯಲ್ಲ.”

“ನೋಡಿದ್ನಲ್ಲ. ತಾವೂ ನೋಡಿದ್ರಿ. ನೋಡಿ ತಾವೇ ಅಲ್ಲ ಅಂದ್ರಿ. ಆರಾಳುದ್ದ ಆಳಕ್ಕೆ ಇಳಿಯೋರು ನಾವು. ಅಲ್ಲ ಅನ್ಸಿಕೊಂಡ ಕಡೆ ಯಾಕೆ ಇಳಿಯಾಣ?”

ಅವನ ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅಕ್ಕ ಕಾಯನ್ನು ಎತ್ತಿಕೊಂಡು ಸೆರಗಿನಿಂದ ಮಣ್ಣು ಒರೆಸಿದಳು. ಮಧ್ಯಾಹ್ನ ಮುದ್ದೆ ಬಡಿಸುವಾಗ, “ಉಣ್ಣು ಮೇಷ್ಟ್ರೇ” ಎಂದಳು. ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ದುರ್ಗಕ್ಕೆ ಬಂದೆ. ಕೂತಲ್ಲಿ ಕೂರಲಾರದೆ ಹೋದೆ. ಬೆಳಿಗ್ಗೆ ಕೋಟೆಯ ಕಡೆ ಹೋಗುವುದು, ಅರ್ಧ ದಾರಿಯಿಂದ ವಾಪಸು ಬರುವುದು, ಪುಸ್ತಕ ತೆಗೆಯುವುದು, ಮುಚ್ಚುವುದು. ನಾನು ಹೇಳಿದ್ದು ನಿಜ ಎಂಬುದರಲ್ಲಿ ಸಂಶಯವಿರಲಿಲ್ಲ. ಹಾಗಿದ್ದರೂ ಈ ಕಸಿವಿಸಿ ಏಕೆ ಎಂದು ತಿಳಿಯದೆ, ಆ ಮಾತನ್ನೇ ಬುಡಸಹಿತ ತಿಳಿದುಕೊಂಡರೆ ಎಲ್ಲ ಸರಿಹೋದೀತು ಎಂದು ತೀರ್ಮಾನಿಸಿದೆ. ಓದಿದವರ ಹುಚ್ಚು ಹೀಗೇ ಇರುತ್ತದೆ. ಅಕ್ಕ ಅಲ್ಲಿ ಕೊಡ ಹೊರುತ್ತಿದ್ದಳು, ನಾನು ಇಲ್ಲಿ ನಿಘಂಟು ಹುಡುಕುತ್ತಿದ್ದೆ.

ದೊಡ್ಡ ಇಂಗ್ಲಿಷ್ ನಿಘಂಟು ಇದ್ದದ್ದು ಒಬ್ಬ ನಿವೃತ್ತ ಮುನ್ಸೀಫರ ಮನೆಯಲ್ಲಿ. ಎರಡು ಕೈಯಿಂದ ಎತ್ತಬೇಕಾದಂಥ ಪುಸ್ತಕ. ಮುನ್ಸೀಫರಿಗೆ ಕಣ್ಣು ಮಂಜು, ಆದರೂ ನಾನು ಓದುವುದನ್ನು ಒಪ್ಪದೆ ಭೂತಗನ್ನಡಿ ಹಿಡಿದು ತಾವೇ ಓದುವರು.

“ಕುಂತ್ಕಳ್ರಿ ಮೇಷ್ಟ್ರೇ, ಹಿಂಗೆ ಓಡಾಡಿದ್ರೆ ನಂಗೆ ಅಕ್ಷರ ಓಡಾಡ್ತಾವೆ” ಎಂದರು. “ಹಾಂ, ಸಿಕ್ತು. ಮೋಸ, ಸೋಗು, ಹುರುಳಿಲ್ಲದ ಮಾತು, ಸೋಗುಗಾರ. ಇದೇನಿದು, ಒಂಥರಾ ಪೆಪ್ಪರಮೆಂಟು ಮಿಠಾಯಿನೂ ಹೌದಂತೆ.”

“ಅದಿರಲಿ. ಎಲ್ಲಿಂದ ಬಂತು ಅಂತ ನೋಡಿ.”

ಅವರು ನಿಧಾನವಾಗಿ ಓದಿದರು. ಸುಮಾರು ನೂರೈವತ್ತು ವರ್ಷದ ಹಿಂದೆ ಈ ಮಾತು ಲಂಡನ್ನಿನ ಷೋಕಿ ಜನರ ಬಾಯಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡಿತಂತೆ. ಆಗಲೇ ಅದರ ಮೂಲ ಯಾರಿಗೂ ಗೊತ್ತಿರಲಿಲ್ಲವಂತೆ. ಹ್ಯಾಂಬರ್ಗ್ ಎಂಬ ಪಟ್ಟಣದಿಂದ ಸುಳ್ಳು ಸುದ್ದಿಗಳು ಬರುತ್ತಿದ್ದವು, ಅದರಿಂದ ಎಂದು ಕೆಲವರು. ಐರಿಷ್ ಭಾಷೆಯಲ್ಲಿ ಮೆದು ತಾಮ್ರಕ್ಕೆ ಹೇಳುವ ಮಾತಿನಿಂದ ಎಂದು ಕೆಲವರು. ‘ಹಂ’ ಎಂದರೆ ಪೋಲಿ ಮಾತಿನಲ್ಲಿ ಮೋಸ ಮಾಡು, ‘ಬಗ್’ ಎಂದರೆ ಹಿಂದೆ ಗುಮ್ಮ ಎಂಬ ಅರ್ಥವಿತ್ತು, ಎರಡೂ ಕೂಡಿ ಆಯಿತು ಎಂದು ಇನ್ನು ಕೆಲವರು. ಕೊನೆಗೆ ‘ಮೂಲ ತಿಳಿಯದು’ ಎಂದು ಬರೆದು ಕೈ ತೊಳೆದುಕೊಂಡಿದ್ದರು.

ಮುನ್ಸೀಫರು ಭೂತಗನ್ನಡಿ ಕೆಳಗಿಟ್ಟರು. “ಮೂರು ಸಾಕ್ಷಿ. ಮೂರೂ ಕೇಳಿದ ಮಾತು, ಕಂಡೋರು ಒಬ್ರೂ ಇಲ್ಲ. ನಾನಾಗಿದ್ರೆ ಮೊಕದ್ದಮೆ ವಜಾ.”

“ಮೂರನೆಯದು ತಕ್ಕಮಟ್ಟಿಗೆ ನಂಬಬಹುದು ಅನ್ನಿಸುತ್ತೆ.”

“ಯಾಕೆ?”

“ಕೇಳೋಕೆ ಚೆನ್ನಾಗಿದೆ, ಅಷ್ಟೆ” ಎಂದೆ. ಅವರು ನಕ್ಕು, “ನಿಮ್ಮ ಕೈಯಾಗಿನ ಕಾಯಿ ಅಲ್ಲಿ ಎದ್ದು ನಿಂತೈತೆ” ಎಂದರು. ನನ್ನ ಮಾವನ ವಿಷಯ ಅವರವರೆಗೂ ಹೋಗಿತ್ತು. ಊರೆಲ್ಲ ಹೋಗಿತ್ತು.

ಮತ್ತೊಂದು ವಾರ ಕಳೆಯಿತು. ಭಾವ ಸಂತೆಗೆ ಬಂದವರ ಕೈಲಿ ಹೇಳಿಕಳಿಸಿದರು: ಸಸಿಗಳಲ್ಲಿ ನಾಲ್ಕು ಒಣಗಿವೆ, ಬರುವ ಸೋಮವಾರ ಆದಿವಾಲಕ್ಕೆ ಸಾಮಾನು ಸಾಗಿಸುವವನಿದ್ದೇನೆ, ನಿಮ್ಮ ಅಕ್ಕ ಒಲೆಯ ಮುಂದಿನಿಂದ ಏಳುತ್ತಿಲ್ಲ. ಇಷ್ಟೇ. ಬೈಗುಳವಿಲ್ಲ, ಬೇಡಿಕೆಯೂ ಇಲ್ಲ.

ನಾನು ಪೇಟೆಯಲ್ಲಿ ಒಂದು ಜುಟ್ಟಿನ ಕಾಯಿ ಕೊಂಡು ಹೊಳಲ್ಕೆರೆಯ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಕಾಯನ್ನು ತೊಡೆಯ ಮೇಲಿಟ್ಟುಕೊಂಡು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಬರೆದು ಹೊಡೆದುಹಾಕಿದೆ. ನಂಬುತ್ತೇನೆ ಎಂದರೆ ಅದು ಸೋಗು. ನಂಬುವುದಿಲ್ಲ ಎಂದರೆ ಮಾವ ಕಾಯಿ ಮುಟ್ಟುವುದಿಲ್ಲ, ಅಕ್ಕನ ಒಲೆ ಆರುತ್ತದೆ. ನಾನು ಪಾಸು ಮಾಡಿದ ಯಾವ ಪರೀಕ್ಷೆಯಲ್ಲೂ ಇಂಥ ಪ್ರಶ್ನೆ ಬಂದಿರಲಿಲ್ಲ.

ಮಾವ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿದರೂ ನೋಡದವರಂತೆ, “ಬಾರಪ್ಪ, ಕುಂತ್ಕ. ಇಂಗ್ಲಿಷ್ನೋರು ಬಂದಾರೆ, ನೀರು ಕೊಡ್ರಮ್ಮ” ಎಂದು ಒಳಗೆ ಕೂಗಿದರು.

ನಾನು ನಿಂತೇ ಇದ್ದೆ. “ಮಾವ, ಕಾಯಿ ತಂದಿದೀನಿ. ಆದ್ರೆ ಒಂದು ಮಾತು. ನಂಬ್ತೀನಿ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ.”

“ನಂಬು ಅಂತ ಯಾರಂದ್ರು?”

“ನೀವೇ ಅಂದ್ರಲ್ಲ, ಕೊಟ್ಟ ಕೈಗೆ ನಂಬಿಕಿಲ್ಲ ಅಂತ.”

“ಅಂದೆ. ಸಿಟ್ಟಿನಾಗೆ ಅಂದೆ.” ಹಗ್ಗದ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಸ್ವಲ್ಪ ಹೊತ್ತು ಹೊಸೆದರು. “ಲೇ ಅಳಿಯಪ್ಪ, ನಾನು ತೋರಿಸಿದ ಬಾವಿ ಎಲ್ಲಾ ತುಂಬಿ ಹರಿತಾವೆ ಅಂದ್ಕಂಡಿಯಾ? ಹೊಸದುರ್ಗದ ಕಡೆ ಒಂದು, ಇಲ್ಲೇ ನಮ್ಮೂರ ಹಿಂದೆ ಒಂದು, ಎಂಟಾಳುದ್ದ ತೋಡಿದ್ರೂ ಧೂಳು. ಅವರ ಮನೆ ಮುಂದೆ ಇವತ್ತಿಗೂ ತಲೆ ತಗ್ಗಿಸ್ಕಂಡು ಹೋಗ್ತೀನಿ. ಹೋಗೋದು ಬಿಟ್ಟಿಲ್ಲ.”

“ಹಾಗಾದ್ರೆ ಕಾಯಿ ಯಾಕೆ ಏಳುತ್ತೆ? ನೀವು ಹೆಬ್ಬೆರಳು ಮಡಚ್ತೀರಾ?” ಕೇಳಬಾರದೆಂದುಕೊಂಡೇ ಕೇಳಿದೆ.

ಅವರು ತಮ್ಮ ಅಂಗೈಯನ್ನು ಬಿಡಿಸಿ, ಬೇರೆ ಯಾರದೋ ಎಂಬಂತೆ ನೋಡಿದರು. “ಮಡಚ್ತೀನೋ ಏನೋ. ನಾನು ಕಾಯಿ ನೋಡ್ಕಂಡು ನಡೀತೀನಪ್ಪ, ಕೈ ನೋಡ್ಕಳಲ್ಲ. ನಮ್ಮಪ್ಪ ಹಂಗೇ ಕಲಿಸಿದ್ದು. ನೀನು ಕೈ ನೋಡ್ಕ, ನಂದೇನ್ ಹೋಗ್ತದೆ. ಆದ್ರೆ ಅಳುಕ್ತಾ ನಡೆಯೋರ ಹಿಂದೆ ಆಡ್ಕಂಡು ಬರಬ್ಯಾಡ. ಅಷ್ಟೇ ನಾನು ಕೇಳೋದು.”

ಅಳುಕು. ಆ ಮಾತನ್ನು ಅವರ ಬಾಯಲ್ಲಿ ನಾನು ನಿರೀಕ್ಷಿಸಿರಲಿಲ್ಲ. ನಾನು ಅಲ್ಲಿಯ ತನಕ ಹಿಡಿದುಕೊಂಡು ಕುಣಿದಾಡುತ್ತಿದ್ದ ಸಂಶಯವನ್ನು ಅವರು ಮೂವತ್ತು ವರ್ಷದಿಂದ ಅಂಗೈ ಮೇಲೆ ಹೊತ್ತು ನಡೆಯುತ್ತಿದ್ದರು, ಅದೂ ಬೇರೆಯವರ ಹೊಲದಲ್ಲಿ, ಎಲ್ಲರ ಕಣ್ಣೆದುರು. ನಾನು ಕಾಯಿ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

“ಇಲ್ಲಲ್ಲ. ಎಲ್ಲಿ ಕೆಳಗಿಟ್ನೋ ಅಲ್ಲಿ ಕೊಡು. ಅವಳ ಮುಂದೆ.”

ಭಾನುವಾರ ಬೆಳಿಗ್ಗೆ ಅಕ್ಕನ ಹೊಲದಲ್ಲಿ ಕೊಟ್ಟೆ. ಭಾವನ ಗಾಡಿಗೆ ಅದಾಗಲೇ ಒಂದು ಪೆಟ್ಟಿಗೆ ಹೇರಿತ್ತು. ತಂಡದ ಹಿರಿಯ ದೂರದಲ್ಲಿ ಹಾರೆ ಊರಿಕೊಂಡು ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಮಾವ ನಡೆದರು. ತಂಗಡಿ ಗಿಡ ದಾಟಿದರು, ಹೋದ ಸಲ ಕಾಯಿ ಎದ್ದ ಜಾಗಕ್ಕೆ ಬಂದರು. ಕಾಯಿ ಏಳಲಿಲ್ಲ. ಇನ್ನೂ ಹನ್ನೆರಡು ಹೆಜ್ಜೆ ತಗ್ಗಿಗೆ ಇಳಿದ ಮೇಲೆ ನಿಧಾನಕ್ಕೆ ಎದ್ದಿತು. ಮೊದಲು ಅಲ್ಲಿ, ಈಗ ಇಲ್ಲಿ. ನನ್ನಂಥವನಿಗೆ ಅದಕ್ಕಿಂತ ದೊಡ್ಡ ಪುರಾವೆ ಬೇಕಾಗಿರಲಿಲ್ಲ. ಮಾವ ನನ್ನ ಕಡೆ ನೋಡಿದರು. ನಾನು ಬಗ್ಗಿ ಒಂದು ಕಲ್ಲು ಎತ್ತಿ ಅವರ ಕೈಗೆ ಕೊಟ್ಟೆ.

ನೀರು ಬಂತು. ನಾಲ್ಕೂವರೆ ಆಳಿಗೆ ಎಂದು ನನ್ನ ನೆನಪು. ಭಾವ ಇರುವ ತನಕ ಆರಾಳು ಎನ್ನುತ್ತಿದ್ದರು. ಕೆಮ್ಮಣ್ಣು ಕಳೆದು, ಸುಣ್ಣಕಲ್ಲು ಕಳೆದು, ಬಂಡೆಯ ಬಿರುಕಿನಲ್ಲಿ ಸೆಲೆ ಸಿಕ್ಕಿತು. ಗಾಡಿಯ ಮೇಲಿನ ಪೆಟ್ಟಿಗೆ ಕೆಳಗಿಳಿಯಿತು. ಆದರೆ ನೀರು ಸವಳು. ತೆಂಗಿಗೆ ಒಗ್ಗಿತು. ಬೇಳೆ ಮಾತ್ರ ಆ ನೀರಿನಲ್ಲಿ ಎಷ್ಟು ಕುದಿಸಿದರೂ ಬೇಯಲಿಲ್ಲ. ಅಡುಗೆಗೂ ಕುಡಿಯುವುದಕ್ಕೂ ಅಕ್ಕ ಊರ ಬಾವಿಯಿಂದಲೇ ತರುತ್ತಿದ್ದಳು, ದಿನಕ್ಕೆ ಎರಡೇ ಕೊಡ. ಹಾಗಾಗಿ ಮಾವನ ಕಾಯಿ ಗೆದ್ದಿತೋ ಸೋತಿತೋ ಎಂದು ನಾನು ಇಂದಿಗೂ ತೀರ್ಮಾನಿಸಿಲ್ಲ. ಬೇರೆ ಹನ್ನೆರಡು ಕಡೆ ತೋಡಿ ನೋಡದೆ ಅದನ್ನು ತೀರ್ಮಾನಿಸಲೂ ಆಗದು.

ಮಾವ ಹೋಗಿ ಬಹಳ ವರ್ಷವಾಯಿತು. ಹಂಬಗ್ ಎಂಬ ಮಾತಿನ ಹುಡುಕಾಟವನ್ನು ನಾನು ಬಿಡಲಿಲ್ಲ. ಸಿಕ್ಕಿದ ನಿಘಂಟಿನಲ್ಲೆಲ್ಲ ಆ ಪುಟ ತೆರೆದು ನೋಡಿದ್ದೇನೆ. ಗಟ್ಟಿಯಾದದ್ದು ಯಾರೂ ಬರೆದಿಲ್ಲ. ಮೊನ್ನೆ ಜವನಗೊಂಡನಹಳ್ಳಿಗೆ ಹೋದಾಗ, ತೆಂಗಿನ ನೆರಳಿನಲ್ಲಿ ಕೂತು, ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಅಕ್ಕನಿಗೆ ಹೇಳಿದೆ. ಆ ದಿನ ನಾನು ಆಡಿದ ಮಾತು, ಮಾವ ಅರ್ಥ ಕೇಳಿದ್ದು, ನಾನು ಹೇಳಿದ್ದು, ಎಲ್ಲವನ್ನೂ ಓದಿ ತೋರಿಸಿದೆ.

ಅಕ್ಕನಿಗೆ ಈಗ ಕಿವಿ ಚುರುಕಿಲ್ಲ, ಉಳಿದದ್ದೆಲ್ಲ ಚುರುಕು. “ಯಾವ ಮಾತೋ?” ಎಂದಳು. “ನೀನು ಅವತ್ತು ಮಾತೇ ಆಡ್ಲಿಲ್ಲ. ಇಂಗ್ಲಿಷೂ ಇಲ್ಲ, ಕನ್ನಡನೂ ಇಲ್ಲ.”

“ಆಡಿದೆ ಅಕ್ಕ. ಮಾವ ಕೇಳಿದ್ರು, ಏನಂದೆ ಅಳಿಯಪ್ಪ ಅಂತ.”

“ಮಾವ ಕೇಳಿದ್ದು, ಯಾಕಪ್ಪ ನಗ್ತೀಯ ಅಂತ. ನೀನು ಹಿಂಗೆ ಅಂದೆ, ನೋಡು.” ಅವಳು ಗದ್ದ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಒಂದು ಸಲ ಗಾಳಿ ಬಿಟ್ಟಳು. ಬಾಯಿ ಒಂದೇ ಕಡೆಗೆ ಸೊಟ್ಟಗಾಯಿತು. “ಹಿಂಗೆ. ನಲವತ್ತು ವರ್ಷದಿಂದ ನನ್ನ ಕಣ್ಣಿಗೆ ಕಟ್ಟಿದಂಗೈತೆ.”

ಆ ಮುಖ ನನ್ನದಲ್ಲ. ಪ್ರಬಂಧಗಳನ್ನು ಮೇಜಿಗೆ ಎಸೆಯುವ ಮೊದಲು ಆ ಬಿಳಿಯ ಪ್ರೊಫೆಸರರು ಹೀಗೆಯೇ ಮೂಗಿನಿಂದ ಗಾಳಿ ಬಿಡುತ್ತಿದ್ದರು. ಅಕ್ಕ ಬೆಂಗಳೂರು ನೋಡಿದವಳಲ್ಲ, ಅವರನ್ನು ಕಂಡವಳಲ್ಲ. ಅದನ್ನು ಅವಳು ಕಂಡಿರಬಹುದಾದದ್ದು ನನ್ನ ಮುಖದ ಮೇಲೆ ಮಾತ್ರ. ಇಲ್ಲವೆ, ಅವಳ ನೆನಪೂ ನನ್ನದರಂತೆಯೇ ಎಲ್ಲಿಂದಲೋ ತಂದು ಜೋಡಿಸಿದ್ದೋ ಏನೋ. ಎದ್ದು ಎರಡು ಸುತ್ತು ಬಾವಿಯ ಸುತ್ತ ಓಡಾಡಿದೆ. ಮಾತಾಗಿದ್ದರೆ ಅರ್ಥ ಹೇಳಿ ಕ್ಷಮೆ ಕೇಳಬಹುದು. ನಗುವಿಗೆ ಏನು ಅರ್ಥ ಹೇಳುವುದು, ಯಾರಿಗೆ ಹೇಳುವುದು?

“ಕುಂತ್ಕಳೋ, ತಲೆ ತಿರುಗ್ತೈತೆ ನಿನ್ನ ನೋಡಿ” ಎಂದಳು ಅಕ್ಕ. “ನಿನ್ನತ್ರ ಬ್ಯಾರೆ ಕೆಲಸ ಐತೆ. ಮೇಲಿನ ಹೊಲದಾಗೆ ಇನ್ನೊಂದು ಬಾವಿ ತೋಡಿಸ್ಬೇಕು ಅಂತ ಹುಡುಗ್ರು ಅಂತಾರೆ. ಸಾಯೋದ್ರೊಳಗೆ ನಾನೂ ಬೇಳೆ ಬೇಯೋ ನೀರು ಮನೆ ಹತ್ರ ನೋಡಾಣ ಅಂತ. ನೀರು ನೋಡೋನು ಶುಕ್ರವಾರ ಬರ್ತಾನೆ. ತವರಿನ ಕಾಯಿ ಕೊಡ್ಬೇಕಲ್ಲ.”

“ಈಗಲೂ ತವರಿನದೇ ಆಗಬೇಕೇ? ನಿನಗೇ ಮೊಮ್ಮಕ್ಕಳಾದರು.”

“ಬಾವಿ ನಂದು ಅಂದ ಮ್ಯಾಲೆ ತವರು ನಂದೇ. ಬರ್ತೀಯೋ ಇಲ್ವೋ?”

ಬರುತ್ತೇನೆ ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ತಂಡದ ಹಿರಿಯ ಅಂದು ನೋಡಿದ ಹಾಗೆ.

“ಬಂದ್ರೆ ಹಿಂದೆ ಬರಬ್ಯಾಡ. ಕಾಯಿ ಕೊಟ್ಟು ನನ್ನ ಪಕ್ಕ ನಿಂತ್ಕ” ಎಂದಳು.

ನಾಳೆ ಶುಕ್ರವಾರ. ಕಾಯಿ ಕೊಂಡಿಟ್ಟಿದ್ದೇನೆ, ಜುಟ್ಟು ಬಿಗಿಯಾಗಿದೆ. ಬೆಳಿಗ್ಗೆಯಿಂದ ನಾಲ್ಕು ಸಲ ಎತ್ತಿ ಅಂಗೈ ಮೇಲೆ ಅಡ್ಡ ಮಲಗಿಸಿ ಈ ಕೋಣೆಯ ಉದ್ದಕ್ಕೂ ನಡೆದು ನೋಡಿದೆ. ಅದು ಏಳಲಿಲ್ಲ. ನಾನು ಕೈಯನ್ನೇ ನೋಡುತ್ತಿದ್ದೆ.